ಸೀಕ್ವೆನ್ಸನ್ನ ‘ಸಾಲು’ ಅಂದ್ರೆ ಲೈನನ್ನ ಏನನ್ನೋದು?

ಎಲ್ರಿಗೂ ನಮಸ್ಕಾರ. ‘ಸೀಕ್ವೆನ್ಸ್’ಗೆ, ಅಂದ್ರೆ ಜೀನಿನ ಅಕ್ಷರಗಳು ಒಂದಾದ ಮೇಲೊಂದು ಬರೋ ವರಸೆಗೆ, ಒಂದು ಕನ್ನಡ ಪದ ಬೇಕಾಗಿದೆ. ಇಲ್ಲೀವರೆಗೆ ‘ಸಾಲು’ ಅಂತಿದ್ದೆ, ಅದು ಯಾಕೆ ಸಾಲದು ಅಂತ ಸ್ವಲ್ಪ ಹಿನ್ನೆಲೆ ಹೇಳ್ದೆ ಕೇಳೋಕಾಗಲ್ಲ.

ಬಯೋಟೆಕ್ ಓದೋ ಮಕ್ಕಳಿಗೆ ಭಾನುವಾರದ ಹೊತ್ತು ಲಿನಕ್ಸ್ ಕಮಾಂಡ್ ಲೈನ್ (ಮೌಸ್ ಬದಲು ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿಂದ ಕೆಲಸ ಮಾಡಿಸೋದು) ಹೇಳ್ಕೊಡ್ತೀನಿ, ಹೆಚ್ಚಿನೋರು ಕನ್ನಡ ಮೀಡಿಯಮ್ಮಿಂದ ಬಂದೋರು, ಹಾಗಾಗಿ ಪಾಠಾನೂ ಕನ್ನಡದಲ್ಲೇ. ಅಭ್ಯಾಸಕ್ಕೆ ಕೊಡೋದು ಕೋವಿಡ್ ತರೋ ಕೊರೊನಾ ವೈರಸ್ಸಿನ ರೆಫರೆನ್ಸ್ ಜೀನೋಮು (ಎಲ್ಲರೂ ಹೋಲಿಸಿ ನೋಡೋಕೆ ಇಟ್ಕೊಂಡಿರೋ ಅದರ ಪೂರ್ತಿ ಸೀಕ್ವೆನ್ಸು), ಒಟ್ಟು 29,903 ಅಕ್ಷರ. ಅದು ಇರೋದು ಫಾಸ್ಟಾ ಅನ್ನೋ ಬಗೆಯ ಫೈಲಲ್ಲಿ: ಮೊದಲು ಗ್ರೇಟರ್ ದ್ಯಾನ್ (>) ಗುರುತು ಹಾಕಿ ಹೆಸರಿನ ಲೈನು, ಅದರ ಕೆಳಗೆ ಎ, ಟಿ, ಜಿ, ಸಿ ಅಕ್ಷರಗಳನ್ನ ಲೈನಿಗೆ 70ರಂತೆ ಮುರಿದು 428 ಲೈನು (ಆರ್‌ಎನ್‌ಎ ವೈರಸ್ಸೇ ಆದ್ರೂ ಫೈಲಲ್ಲಿ ಯು ಬದಲು ಟಿ ಅಂತಲೇ ಬರೀತಾರೆ). ‘ಇದ್ರಲ್ಲಿ ಎಷ್ಟು ಸಾಲಿದೆ ನೋಡ್ರಪ್ಪ’ ಅಂದೆ. ನಾನು ಕೇಳಿದ್ದು ಸೀಕ್ವೆನ್ಸು, ಉತ್ತರ ಒಂದು. ಒಬ್ಬ ಹುಡುಗಿ ಲೈನು ಎಣಿಸೋಕೆ ಡಬ್ಲ್ಯೂಸಿ ಕಮಾಂಡಿಗೆ ಮೈನಸ್ ಎಲ್ ಹಾಕಿ, ಹೆಸರಿನ ಲೈನೂ ಸೇರಿ 429 ಅಂದ್ಲು. ಅವಳು ಮಾಡಿದ್ದು ಸರಿಯಾಗೇ ಇತ್ತು, ಕೈಕೊಟ್ಟಿದ್ದು ಪದ.

ಇದು ಬರೀ ಹೆಸರಿನ ಗೊಂದಲ ಅಲ್ಲ. ಲೈನು ಮುರಿಯೋದು ನಮ್ಮ ಕಣ್ಣಿಗೋಸ್ಕರ, ಸೀಕ್ವೆನ್ಸಿಗೆ ಅದರ ಹಂಗಿಲ್ಲ. ಹೆಸರಿನ ಲೈನು ತೆಗೆದು ಅಕ್ಷರ ಎಣಿಸಿದ್ರೆ 30,331 ಬರುತ್ತೆ, ಯಾಕಂದ್ರೆ ಪ್ರತಿ ಲೈನಿನ ಕೊನೇಲಿ ಕಣ್ಣಿಗೆ ಕಾಣದ ಒಂದು ಎಂಟರ್ ಕೂತಿರುತ್ತೆ, 428 ಎಂಟರ್. ಟಿಆರ್ ಕಮಾಂಡಲ್ಲಿ ಅವನ್ನ ಅಳಿಸಿದ್ರೆ ಮಾತ್ರ ಸರಿಯಾಗಿ 29,903. ಹಾಗೇನೇ ನಾವು ಹುಡುಕೋ ತುಣುಕು ಒಂದು ಲೈನಿನ ತುದೀಲಿ ಶುರುವಾಗಿ ಮುಂದಿನ ಲೈನಲ್ಲಿ ಮುಗಿದ್ರೆ, ಒಂದೊಂದೇ ಲೈನು ನೋಡಿ ಹುಡುಕೋ ಗ್ರೆಪ್ ಕಮಾಂಡಿಗೆ ಸಿಗೋದೇ ಇಲ್ಲ. ಎರಡಕ್ಕೂ ಸಾಲು ಅಂತಿದ್ರೆ ಇದನ್ನ ಹೇಗೆ ಹೇಳ್ಕೊಡೋದು?

(ಸೀಕ್ವೆನ್ಸ್ ಎಣಿಸೋಕೆ, ಅಂದ್ರೆ ಹೆಸರಿನ ಲೈನು ಎಷ್ಟಿದೆ ಅಂತ ನೋಡೋಕೆ, ಗ್ರೆಪ್ ಮೈನಸ್ ಸಿ ಕೊಡುವಾಗ ಆ ಗ್ರೇಟರ್ ದ್ಯಾನ್ ಗುರುತಿಗೆ ಕೋಟ್ಸ್ ಹಾಕೋದು ಮರೀಬೇಡಿ, ಮರೆತ್ರೆ ಶೆಲ್ಲು (ನಾವು ಟೈಪ್ ಮಾಡಿದ ಕಮಾಂಡನ್ನ ಓದಿ ನಡೆಸೋ ಪ್ರೋಗ್ರಾಮು) ಅದನ್ನ ‘ಈ ಫೈಲಿಗೆ ಬರಿ’ ಅಂತ ತಿಳ್ಕೊಂಡು ಇದ್ದ ಫೈಲನ್ನೇ ಖಾಲಿ ಮಾಡುತ್ತೆ. ಒಬ್ಬ ಹುಡುಗನಿಗೆ ಹಂಗೇ ಆಯ್ತು, ಪಾಪ, ಮತ್ತೆ ಡೌನ್‌ಲೋಡ್ ಮಾಡ್ಕೊಂಡ.)

ಪುಸ್ತಕಗಳಲ್ಲಿ ‘ಅನುಕ್ರಮ’ ಅಂತಿರುತ್ತೆ. ಆದ್ರೆ ‘ಅನುಕ್ರಮವಾಗಿ’ ಅಂದ್ರೆ ನಮ್ಮ ತಲೇಲಿ ಬೇರೆ ಅರ್ಥ ಬರುತ್ತೆ, ಮೇಲಾಗಿ ‘ಅನುಕ್ರಮಣಿಕೆ’ ಅಂದ್ರೆ ಇಂಡೆಕ್ಸು, ಇದೇ ಫೈಲುಗಳಿಗೆ ಇಂಡೆಕ್ಸೂ ಮಾಡ್ತೀವಿ. ‘ಸರಣಿ’ ಅಂದ್ರೆ ಟೆಸ್ಟ್ ಸರಣಿ, ಸರಣಿ ಅಪಘಾತ, ಅಂದ್ರೆ ಒಂದಾದ ಮೇಲೊಂದು ನಡೆಯೋದು.

ನನ್ನ ಮನಸ್ಸು ‘ಸರ’ದ ಕಡೆಗಿದೆ. ಎರಡೆಳೆ ಸರ ಅಂತ ಮನೇಲೇ ಅಂತೀವಲ್ಲ, ಡಿಎನ್‌ಎಗೂ ಎರಡೆಳೆ. ‘ಪೋಣಿಸೋದು’ ಅನ್ನೋ ಕ್ರಿಯೆಯೂ ಜೊತೇಲೇ ಸಿಗುತ್ತೆ, ಸರದಲ್ಲಿ ಮಣಿ ಎಣಿಸಬಹುದು, ಡಬ್ಬಿ ಸಣ್ಣದಾದ್ರೆ ಮಡಿಚಿಟ್ರೂ ಸರ ಒಂದೇ. ಅಡ್ಡಿ ಏನಂದ್ರೆ ಸರ ಅಂದ್ರೆ ವಸ್ತು; ಯಾವ ಮಣಿ ಆದ್ಮೇಲೆ ಯಾವ ಮಣಿ ಅನ್ನೋ ವರಸೆಗೆ ಅದು ಸಾಲದು. ‘ಪೋಣಿಕೆ’ ಅಂದ್ರೆ ಆಗುತ್ತಾ? ನಿಮ್ಮ ಕಡೆ ಯಾರಾದ್ರೂ ಹಂಗೆ ಅಂತಾರಾ?

ಇನ್ನೊಂದು, ಇಳಕಲ್ಲು, ಮೊಳಕಾಲ್ಮೂರು ಕಡೆ ಮಗ್ಗದ ಮನೆಯೋರು ಇಲ್ಲಿದ್ರೆ ದಯವಿಟ್ಟು ಹೇಳಿ: ಹಾಸಿನಲ್ಲಿ (ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ಎಳೆಗಳಲ್ಲಿ) ಯಾವ ಬಣ್ಣದ ಎಳೆ ಆದ್ಮೇಲೆ ಯಾವ್ದು ಬರಬೇಕು ಅನ್ನೋ ಲೆಕ್ಕಕ್ಕೆ ನಿಮ್ಮನೇಲಿ ಏನಂತಾರೆ?