‘ಐರನ್ ಓವರ್‌ಲೋಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪದೇ ಪದೇ ರಕ್ತ ಹಾಕಿಸಿಕೊಳ್ಳುವವರಿಗೆ ಏನೇನು ತೊಂದರೆಯಾಗಬಹುದು ಎಂಬುದರ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಐರನ್ ಓವರ್‌ಲೋಡ್’ ಹತ್ತಿರ ಬಂದು ನಿಂತಿದ್ದೇನೆ.

ವಿಷಯ ಇಷ್ಟು: ಒಂದು ಯೂನಿಟ್ ಕೆಂಪು ರಕ್ತಕಣದೊಂದಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಯೊಳಗೆ ಹೋಗುತ್ತದೆ. ದಿನಕ್ಕೆ ಹೊರಬೀಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಥಲಸ್ಸೇಮಿಯಾ ಮೇಜರ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ಮಗುವಿಗಾದರೆ 2ರಿಂದ 5 ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ವರ್ಷಗಳು ಕಳೆದಂತೆ ಕಬ್ಬಿಣ ಯಕೃತ್ತು, ಹೃದಯ, ಹಾರ್ಮೋನು ಗ್ರಂಥಿಗಳಲ್ಲಿ ಕೂರುತ್ತದೆ. ಸಕ್ಕರೆ ಕಾಯಿಲೆ, ತಡವಾಗಿ ಮೈನೆರೆಯುವುದು, ಕೊನೆಗೆ ಹೃದಯವೇ ಸೋಲುವುದು.

ಇದನ್ನು ‘ಕಬ್ಬಿಣಾಂಶ ಹೆಚ್ಚಳ’ ಎಂದುಬಿಟ್ಟರೆ ಕೇಳಿದವರಿಗೆ ಸಂತೋಷವೇ ಆಗುತ್ತದೆ! ‘ಕಬ್ಬಿಣಾಂಶ ಕಮ್ಮಿಯಿದೆ, ಮಾತ್ರೆ ತಗೊಳ್ಳಿ’ ಎಂದು ಕೇಳಿ ಕೇಳಿ ಬೆಳೆದ ಕಿವಿ ನಮ್ಮದು. ‘ಅಯಸ್ಸಂಚಯ’ (ಅಯಸ್ಸು ಎಂದರೆ ಕಬ್ಬಿಣ) ಅಚ್ಚುಕಟ್ಟಾಗಿದೆ, ಆದರೆ ವಾರ್ಡಿನಲ್ಲಿ ಯಾರೂ ನುಡಿಯಲಾರರು. ‘ಕಬ್ಬಿಣದ ಹೊರೆ’ ಪರವಾಗಿಲ್ಲ. ನನ್ನ ಮನಸ್ಸು ವಾಲುತ್ತಿರುವುದು ‘ಕಟ್ಟು’ ಕಡೆಗೆ: ಕಫ ಕಟ್ಟುತ್ತದೆ, ಪಾಚಿ ಕಟ್ಟುತ್ತದೆ, ಹಾಗೆಯೇ ‘ಹೃದಯದಲ್ಲಿ ಕಬ್ಬಿಣ ಕಟ್ಟಿದೆ’. ಆದರೆ ನಾಮಪದ ಮಾಡಹೊರಟು ‘ಕಬ್ಬಿಣಗಟ್ಟು’ ಎಂದರೆ ಪಕ್ಕದಲ್ಲೇ ‘ಹೆಪ್ಪುಗಟ್ಟು’ ನಿಂತಿದೆ. ರಕ್ತದ ಪಾಠದಲ್ಲಿ ಅದು ಅಪಾಯ.

ಇನ್ನೊಂದು ತೊಡಕು, ರೋಗಿಗೆ ರಕ್ತ ಹಾಕುವುದಕ್ಕೆ ಬಳಸುವ ಕ್ರಿಯಾಪದದ್ದು. ‘ರಕ್ತ ವರ್ಗಾವಣೆ’ ಓದಿದರೆ ನೌಕರರ ನೆನಪಾಗುತ್ತದೆ, ಅದಿರಲಿ. ‘ಹೋದ ವಾರ ರಕ್ತ ಕೊಟ್ಟಿದ್ದಾರೆ’ ಅಂದರೆ ರೋಗಿ ದಾನ ಮಾಡಿದರೋ, ರೋಗಿಗೆ ಹಾಕಿದರೋ? ಇದು ಬರೀ ವ್ಯಾಕರಣದ ಜಗಳವಲ್ಲ. ರಕ್ತದ ಗುಂಪು ಹೊಂದಿದ್ದರೂ, ಹಿಂದೆ ರಕ್ತ ಹಾಕಿಸಿಕೊಂಡವರಲ್ಲಿ ಕೆಂಪು ರಕ್ತಕಣದ ಮೇಲಿರುವ ಆರ್‌ಎಚ್, ಕೆಲ್ ಮುಂತಾದ ಅಂಶಗಳ ವಿರುದ್ಧ ಪ್ರತಿಕಾಯ ಹುಟ್ಟಿರಬಹುದು. ಆಗ ಮತ್ತೆ ರಕ್ತ ಹಾಕಿ ಕೆಲವು ದಿನ, ಕೆಲವೊಮ್ಮೆ ಎರಡು ವಾರ ಕಳೆದ ಮೇಲೆ, ಆ ಪ್ರತಿಕಾಯ ಹಾಕಿದ ರಕ್ತಕಣಗಳನ್ನು ಒಡೆಯುವುದರಿಂದ, ಕಣ್ಣು ಹಳದಿಯಾಗಿ, ಹಿಮೋಗ್ಲೋಬಿನ್ ಇಳಿಯುವುದುಂಟು. ಆದ್ದರಿಂದ ವಾರ್ಡಿನ ಮಾತಾದ ‘ರಕ್ತ ಏರಿಸು’ ಎಂಬುದನ್ನೇ ಪಠ್ಯಕ್ಕೂ ತರೋಣ ಎನಿಸುತ್ತದೆ.

‘ಏರಿಸು’ ಒಪ್ಪಿದರೆ ಕೀಲೇಶನ್‌ಗೆ (ಹೆಚ್ಚಾದ ಕಬ್ಬಿಣವನ್ನು ಮದ್ದಿನಿಂದ ಹಿಡಿದು ಹೊರಹಾಕುವ ಚಿಕಿತ್ಸೆಗೆ) ‘ಕಬ್ಬಿಣ ಇಳಿಸು’ ಎನ್ನಬಹುದಲ್ಲ, ವಿಷ ಇಳಿಸಿದ ಹಾಗೆ? ‘ಕಬ್ಬಿಣ ಇಳಿಸುವ ಮದ್ದು ಡೆಫೆರಾಕ್ಸಮಿನ್, ಇದರಿಂದ ಮೂತ್ರ ಕೆಂಪಗಾದರೆ ಅದು ರಕ್ತವೇ ಎಂದು ಹೆದರಬೇಡಿ’ ಎಂದು ಬರೆದು ನೋಡಿದ್ದೇನೆ, ಸಲೀಸಾಗಿ ಓದಿಸಿಕೊಳ್ಳುತ್ತದೆ. ‘ಕಬ್ಬಿಣ ಕಟ್ಟುವುದ’ಕ್ಕೆ ಒಂದು ಒಳ್ಳೆಯ ನಾಮಪದ ಯಾರಿಗಾದರೂ ಹೊಳೆಯುತ್ತದೆಯೇ?