ಥೈರಾಯ್ಡ್ ಮಾತ್ರೆ ಇದ್ದವರು ವಿಟಮಿನ್ ಡಬ್ಬಿ ಕೊಳ್ಳುವ ಮುಂಚೆ

ತಂಗೀ, ನಿನ್ನ ಪ್ರಶ್ನೆ ನೋಡಿದೆ. ಬಾಣಂತನಕ್ಕೆ ಆಯಿ ಶಿರಸಿಯಿಂದ ಮೆಲ್ಬರ್ನ್‌ಗೆ ಬರುತ್ತಿದ್ದಾರೆ, ಇಬ್ಬರಿಗೂ ಥೈರಾಯ್ಡ್ ಮಾತ್ರೆ ಇದೆ, ಯಾವ ಕಂಪನಿಯ ವಿಟಮಿನ್ ಒಳ್ಳೇದು ಅಂತ ಕೇಳಿದ್ದೀಯ. ನಾನು ಡಾಕ್ಟರ್ ಅಲ್ಲ, ಬಹಳ ವರ್ಷದಿಂದ ಅದೇ ಮಾತ್ರೆ ನುಂಗುವವಳು. ಈಗ ಮಕ್ಕಳನ್ನು ಕರೆದುಕೊಂಡು ರಜೆಗೆ ಊರಿಗೆ ಬಂದಿದ್ದೇನೆ. ಕಂಪನಿ ಆಮೇಲೆ ನೋಡೋಣ, ಮೊದಲು ಹೊತ್ತು ಸರಿ ಮಾಡಿಕೊಳ್ಳಿ.

ಲೆವೊಥೈರಾಕ್ಸಿನ್, ಅಂದರೆ ನಮ್ಮ ಈ ಥೈರಾಯ್ಡ್ ಮಾತ್ರೆ, ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಈ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಅದಕ್ಕೇ 4 ಗಂಟೆ ಅಂತರ ಇರಬೇಕು. ಮಲ್ಟಿವಿಟಮಿನ್ ಅಂದರೂ ಹೆಚ್ಚಿನವುಗಳಲ್ಲಿ ಇವೆರಡೂ ಇರುತ್ತವೆ, ಡಬ್ಬಿಯ ಹಿಂಬದಿಯ ಚೀಟಿ ಓದಿ. ಬಾಣಂತಿಗೆ ಕೊಡುವ ಕಬ್ಬಿಣದ ಮಾತ್ರೆ ಮಧ್ಯಾಹ್ನ ಊಟಕ್ಕೆ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಇಟ್ಟರೆ ಅವೆರಡರ ಜಗಳವೂ ತಪ್ಪುತ್ತದೆ.

ನಮ್ಮ ಕಡೆ ಮನೆಗಳಲ್ಲಿ ತೊಡಕು ಇರೋದು ಕಷಾಯದಲ್ಲಿ. ಕೊತ್ತಂಬರಿ ಜೀರಿಗೆ ಪುಡಿಗೆ ಬೆಲ್ಲ, ಹಾಲು ಹಾಕಿ ಕುದಿಸಿದ್ದು ಲೋಟಕ್ಕೆ ಬಂತು ಅಂದರೆ ಅದರ ಜೊತೆಗೇ ಮಾತ್ರೆಯೂ ಬಾಯಿಗೆ. ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದರು. ಬೇಡ ಅಂದಿದ್ದಕ್ಕೆ, 'ಒಂದು ಮಾತ್ರೆಗೆ ಇಷ್ಟೆಲ್ಲ ರಗಳೆ ಎಂತಕ್ಕೆ ಮಾರಾಯ್ತಿ?' ಅಂದರು. ಈಗ ಡಬ್ಬಿ ತಲೆದಿಂಬಿನ ಹತ್ತಿರ, ನೀರಿನ ಚೊಂಬಿನ ಪಕ್ಕ ಇರುತ್ತದೆ. ಎದ್ದವರೇ ನುಂಗಿ ಕೊಟ್ಟಿಗೆಗೆ ಹೋಗುತ್ತಾರೆ. ಹಾಲು ಕರೆದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ, ಕಷಾಯಕ್ಕೆ ಅಡ್ಡಿಯಿಲ್ಲ. ಮೆಲ್ಬರ್ನ್‌ನಲ್ಲಿ ಕೊಟ್ಟಿಗೆ ಎಲ್ಲಿಂದ ತರೋದು, ಸ್ನಾನ ಮುಗಿಸಿ ಬಂದು ಕುಡಿಯಲಿ.

ಇನ್ನು ಅಯೋಡಿನ್, ಥೈರಾಯ್ಡ್ ಹಾರ್ಮೋನ್ ತಯಾರಾಗಲು ಬೇಕಾದದ್ದು. ಆಸ್ಟ್ರೇಲಿಯಾದಲ್ಲಿ 2009ರಿಂದ ಬ್ರೆಡ್ಡಿಗೆ ಅಯೋಡಿನ್ ಉಪ್ಪೇ ಹಾಕಬೇಕು ಅಂತ ನಿಯಮ ಇದೆ, ಆರ್ಗ್ಯಾನಿಕ್ ಬ್ರೆಡ್ ಬಿಟ್ಟು. ಆದರೆ ದೋಸೆ, ತೆಳ್ಳೇವು ತಿನ್ನುವ ನಮಗೆ ಬ್ರೆಡ್ ಎಷ್ಟು ಹೋಗುತ್ತದೆ ಹೇಳು! ಬಸುರಿ, ಬಾಣಂತಿಯರು ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಮಾತ್ರೆ ತಗೊಳ್ಳಬೇಕು ಎನ್ನುವುದು ಅಲ್ಲಿಯ ಸಲಹೆ. ಥೈರಾಯ್ಡ್ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು. 'ಥೈರಾಯ್ಡ್‌ಗೆ ಒಳ್ಳೇದು' ಅಂತ ಮಾರುವ ಕಡಲಕಳೆ ಮಾತ್ರೆ ಮುಟ್ಟಬೇಡ, ಅದರಲ್ಲಿ ಅಯೋಡಿನ್ ವಿಪರೀತ ಇರಬಹುದು. ಆಯಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಅಂತ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಲ್ಲುಪ್ಪು ತಂದರೆ ಅದು ಉಪ್ಪಿನಕಾಯಿಗೇ ಇರಲಿ, ಅಡುಗೆಗೆ ಅಯೋಡಿನ್ ಉಪ್ಪು ಹಾಕಿ. ಸಮುದ್ರದ ಉಪ್ಪಲ್ವಾ, ಅಯೋಡಿನ್ ಇದ್ದೇ ಇರುತ್ತೆ ಅಂತ ಸುಮಾರು ಜನ ತಿಳಿದಿದ್ದಾರೆ. ತಾನಾಗಿ ಇರುವುದು ತೀರಾ ಕಡಿಮೆ. ಕುಮಟಾ, ಕಾರವಾರದವರಿಗೆ ಮೀನಲ್ಲಿ ಸಿಗುತ್ತದೆ, ಮೀನು ತಿನ್ನದ ನಮಗೆ ಅದೂ ಇಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಬಯೋಟಿನ್ ವಿಷಯ, ಕೂದಲಿಗೆ ಒಳ್ಳೇದು ಅಂತ ಮಾರುವ ಒಂದು ಬಿ ವಿಟಮಿನ್. ಹೆರಿಗೆ ಆಗಿ ಕೆಲವು ತಿಂಗಳಿಗೆ ಕೂದಲು ಉದುರುತ್ತದೆ, ಗೆಳತಿಯರು ಅದಿರುವ ಕೂದಲಿನ ಗಮ್ಮಿ (ಜೆಲ್ಲಿ ಮಿಠಾಯಿಯಂಥ ವಿಟಮಿನ್) ಕೊಡಿಸುತ್ತಾರೆ. ಬಯೋಟಿನ್ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಬಾಣಂತಿಗೆ ಒಂಚೂರು ಜಾಸ್ತಿ. ಆ ಗಮ್ಮಿಗಳಲ್ಲಿ 5,000 ಕೂಡ ಇರುತ್ತದೆ. ಅದು ಥೈರಾಯ್ಡ್‌ಗೆ ಕೆಟ್ಟದ್ದಲ್ಲ, ಆದರೆ ಕೆಲವು ಲ್ಯಾಬ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪು ಮಾಡಿಬಿಡುತ್ತದೆ. ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನ್) ಕಡಿಮೆ, ಟಿ4 (ಥೈರಾಯ್ಡ್ ಹಾರ್ಮೋನ್) ಜಾಸ್ತಿ, ಅಂದರೆ ಮಾತ್ರೆ ಹೆಚ್ಚಾಗಿದೆ ಅನ್ನುವ ಹಾಗೆ ಸುಳ್ಳು ರಿಪೋರ್ಟ್ ಬರಬಹುದು. ಅದನ್ನು ನೋಡಿ ಡಾಕ್ಟರ್ ಡೋಸ್ ಇಳಿಸಿದರೆ ಸುಸ್ತು ಪಡುವವಳು ನೀನು. ಹೆರಿಗೆಯಾಗಿ 6 ವಾರಕ್ಕೆ ಪರೀಕ್ಷೆ ಇರುತ್ತದಲ್ಲ, ಅದಕ್ಕೆ ಕನಿಷ್ಠ 2 ದಿನ ಮುಂಚೆ ಬಯೋಟಿನ್ ನಿಲ್ಲಿಸು, ತಗೊಳ್ಳುತ್ತಿದ್ದೆ ಅಂತ ಡಾಕ್ಟರಿಗೂ ಹೇಳು.

ದೊಡ್ಡ ಮಗುವಿನ ಕಣ್ಣಿಗೆ ಗಮ್ಮಿ ಅಂದರೆ ಮಿಠಾಯಿಯೇ. ಕಬ್ಬಿಣ ಇರುವ ಯಾವ ಡಬ್ಬಿಯೂ ಅದರ ಕೈಗೆ ಸಿಗಬಾರದು, ಜಾಸ್ತಿ ಹೋದರೆ ಜೀವಕ್ಕೇ ಅಪಾಯ.

ಆಯಿ ತಮ್ಮ ಮಾತ್ರೆಯನ್ನು ಇಲ್ಲಿಂದಲೇ ತರಲಿ, ಜೊತೆಗೆ ಡಾಕ್ಟರ್ ಚೀಟಿ ಇರಲಿ. ಸ್ವಂತ ಬಳಕೆಗೆ 3 ತಿಂಗಳ ಔಷಧಿ ತರಲು ಬಿಡುತ್ತಾರೆ. ಅದು ಮುಗಿದು ಅಲ್ಲಿಯದಕ್ಕೆ ಬದಲಾದರೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡಿಸು. ಅಲ್ಲಿಯ ಕೆಲವು ಬ್ರ್ಯಾಂಡ್‌ಗಳನ್ನು ಫ್ರಿಜ್‌ನಲ್ಲಿಡಬೇಕು, ಅದನ್ನು ಆಯಿಗೆ ಮೊದಲೇ ಹೇಳಿಬಿಡು.