ಸಾಂಬಾರ್ ಬಕೆಟ್‌ನ ತಳದ ರಾಜಕೀಯ

ಹಾಸ್ಟೆಲ್ ಮೆಸ್ ಊಟ ಚೆನ್ನಾಗಿಲ್ಲ ಅನ್ನುವುದು ಅಭಿಪ್ರಾಯವೇ ಅಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ, ಹೇಳುತ್ತಲೇ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಊಟ ಹೀಗಿರುವುದಕ್ಕೆ ಅಡುಗೆಯವರು ಕಾರಣ ಅಲ್ಲ, ನಾವೇ ಕಾರಣ. ಇದನ್ನು ಒಂದು ರಾತ್ರಿ ಊಟ ಮುಗಿಸಿ ಹಾಸ್ಟೆಲ್ ಮುಂದಿನ ಕಟ್ಟೆ ಮೇಲೆ ಕೂತಾಗ ಬಾಯಿ ಜಾರಿ ಹೇಳಿಬಿಟ್ಟೆ, ಅಷ್ಟೇ, ಆಮೇಲೆ ವಾಚ್‌ಮನ್ ಬಂದು ಗೇಟ್ ಹಾಕುವವರೆಗೂ ಯಾರೂ ನನ್ನನ್ನು ಏಳಲು ಬಿಡಲಿಲ್ಲ.

ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಹೆಸರಿಲ್ಲ, ಊರಿದೆ. ಮಂಡ್ಯ, ರಾಯಚೂರು, ಉಡುಪಿ, ಸಿರ್ಸಿ. ವಿಶ್ವವಿದ್ಯಾಲಯ ಯಾವುದು ಅಂತ ಮಾತ್ರ ಕೇಳಬೇಡಿ, ಇನ್ನೂ ಹಾಲ್ ಟಿಕೆಟ್ ಕೈಗೆ ಬಂದಿಲ್ಲ.

"ನಾವು ಹೇಗಪ್ಪಾ ಕಾರಣ?" ಅಂದ ಮಂಡ್ಯ. "ಮುದ್ದೆ ಮಾಡಿ ಅಂತ ವರ್ಷದಿಂದ ಕೇಳ್ತಾ ಇದ್ದೀನಿ. ಮಾಡಿದ್ರಾ?"

ಮಾಡಿದ್ದರು. ಒಂದೇ ದಿನ ಮಾಡಿದ್ದರು. ಮುದ್ದೆ ಅಂದರೆ ಕುದಿಯುವ ನೀರಿಗೆ ಹಿಟ್ಟು ಹಾಕಿ, ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಿ, ಬಿಸಿ ಇರುವಾಗಲೇ ಕಟ್ಟಿ, ಬಿಸಿ ಇರುವಾಗಲೇ ನುಂಗಬೇಕು. ಇನ್ನೂರು ಜನಕ್ಕೆ ತಿರುವಲು ತೋಳು ಬೇಕು. ಹನ್ನೆರಡು ಗಂಟೆಗೆ ಕಟ್ಟಿಟ್ಟದ್ದು ಲ್ಯಾಬ್ ಮುಗಿಸಿ ಎರಡು ಗಂಟೆಗೆ ಬಂದವರ ತಟ್ಟೆಗೆ ಬೀಳುವಾಗ ಹೊಸ ಕ್ರಿಕೆಟ್ ಬಾಲ್ ಬಿದ್ದ ಹಾಗೆ ಠಣ್ ಅಂತ ಸದ್ದಾಯಿತು. ಮಂಡ್ಯದವನೇ ಅದನ್ನು ಮುಟ್ಟಿ ನೋಡಿ, ಏನೂ ಮಾತಾಡದೆ ಅನ್ನದ ಕಡೆ ಹೋದ.

"ಮುದ್ದೆ ಬಿಡ್ರಿ. ರೊಟ್ಟಿ ಯಾಕ ಮಾಡಂಗಿಲ್ಲ?" ಇದು ರಾಯಚೂರು. ಇವನ ಪ್ರಕಾರ ಚಪಾತಿ ತಿನ್ನುವುದು ಕಾಯಿಲೆ ಬಂದಾಗ, ಅದೂ ಡಾಕ್ಟರ್ ಹೇಳಿದರೆ. ಇವನಿಗೆ ಎಷ್ಟು ಸಲ ಹೇಳಿದರೂ ಅರ್ಥ ಆಗುವುದಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇರುವುದಿಲ್ಲ, ಅದಕ್ಕೇ ಬಿಸಿ ನೀರಲ್ಲಿ ನಾದಿ ಒಂದೊಂದನ್ನೇ ಕೈಯಲ್ಲಿ ಬಡಿಯಬೇಕು. ಒಬ್ಬರಿಗೆ ಎರಡು ಅಂದರೂ ನಾನೂರು ರೊಟ್ಟಿ. ನಮ್ಮ ಮೆಸ್‌ನಲ್ಲಿ ರೊಟ್ಟಿ ಬಡಿಯಲು ಬರುವವರು ಸೊನ್ನೆ.

"ಹಂಗಾದ್ರ ಕಟಕ್ ರೊಟ್ಟಿ ತರಸ್ರಿ. ವಾರಗಟ್ಲೆ ಇಟ್ರೂ ಕೆಡಂಗಿಲ್ಲ." ಇದು ಮಾತ್ರ ಸರಿಯಾದ ಮಾತು. ಉತ್ತರ ಕರ್ನಾಟಕದಲ್ಲಿ ಮಹಿಳಾ ಸಂಘಗಳು ಒಣ ರೊಟ್ಟಿ ಕಟ್ಟುಕಟ್ಟಾಗಿ ಮಾರುತ್ತವೆ, ತರಿಸಬಹುದು. ಆದರೆ ಸಭೆಯಲ್ಲಿ ಈ ಮಾತು ಬಂದ ತಕ್ಷಣ ಉಡುಪಿ, "ರೊಟ್ಟಿ ತರಿಸ್ತೀರಾದ್ರೆ ಕುಚ್ಚಲಕ್ಕಿನೂ ತರಿಸಿ ಮಾರಾಯ್ರೆ" ಅಂದ. ಕುಚ್ಚಲಕ್ಕಿ ಬೇಯಲು ಮಾಮೂಲಿ ಬಿಳಿ ಅಕ್ಕಿಗಿಂತ ಎಷ್ಟೋ ಹೊತ್ತು ಹಿಡಿಯುತ್ತದೆ, ಆಮೇಲೆ ಗಂಜಿ ಬಸಿಯಬೇಕು, ಗ್ಯಾಸ್ ಖರ್ಚು ಯಾರು ಕೊಡುತ್ತಾರೆ ಅಂತ ಮಂಡ್ಯ ಕೇಳಿದ. ಸಿರ್ಸಿ ನಡುವೆ ಬಾಯಿ ಹಾಕಿ, ನನಗೆ ಒಂದು ಲೋಟ ತಂಬುಳಿ ಕೊಟ್ಟರೆ ಸಾಕು, ಮತ್ತೇನೂ ಬೇಡ ಅಂದ. ತಂಬುಳಿಗೆ ಮಜ್ಜಿಗೆ ಬೇಕು. ನಮ್ಮ ಮೆಸ್‌ನಲ್ಲಿ ಮಜ್ಜಿಗೆ ಅಂತ ಕೊಡುವುದರಲ್ಲಿ ಮೊಸರಿನ ಪಾಲು ಎಷ್ಟಿದೆ ಅಂತ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್‌ನವರೇ ಹೇಳಬೇಕು.

ಹೀಗೆ ನಾಲ್ಕು ಊರು ಕಿತ್ತಾಡಿದಾಗ ಕೊನೆಗೆ ಗೆಲ್ಲುವುದು ಯಾವುದು ಗೊತ್ತಾ? ಯಾರ ಊರಿನದೂ ಅಲ್ಲದ ಊಟ. ಬಿಳಿ ಅನ್ನ, ಸಾಂಬಾರ್, ಕ್ಯಾಬೇಜ್ ಪಲ್ಯ. ಯಾರಿಗೂ ಇಷ್ಟ ಇಲ್ಲ, ಯಾರ ವಿರೋಧವೂ ಇಲ್ಲ. ಬೆಳಿಗ್ಗೆಗೆ ಉಪ್ಪಿಟ್ಟು. ಅದು ಸೌಟಿನ ಆಕಾರದಲ್ಲೇ ತಟ್ಟೆಗೆ ಬಂದು ಕೂರುತ್ತದೆ, ತಿಂದು ಮುಗಿಸುವವರೆಗೂ ಆ ಆಕಾರ ಬಿಡುವುದಿಲ್ಲ. ಈ ಮೆನುವನ್ನು ಅಡುಗೆಯವರು ಮಾಡಿದ್ದಲ್ಲ. ನಾವೇ ಆರಿಸಿದ ಮೆಸ್ ಕಮಿಟಿ ಬರೆದು, ಸಹಿ ಹಾಕಿ, ಗೋಡೆಗೆ ಅಂಟಿಸಿದ್ದು. ನನ್ನ ವಾದ ಇಷ್ಟೇ.

"ವಾದ ಬಿಡು, ಸಾಂಬಾರ್‌ನಲ್ಲಿ ತರಕಾರಿ ಯಾಕಿಲ್ಲ ಅದು ಹೇಳು" ಅಂದ ಉಡುಪಿ.

ತರಕಾರಿ ಇದೆ. ತಳದಲ್ಲಿದೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಗಮನ ಕೊಟ್ಟಿದ್ದೇನೆ. ಬಡಿಸುವ ಅಣ್ಣ ಸ್ಟೀಲ್ ಬಕೆಟ್‌ಗೆ ಸೌಟು ಇಳಿಸುವುದು ನಾಲ್ಕು ಬೆರಳು ಮಾತ್ರ. ಬೇಳೆ, ಮೂಲಂಗಿ, ಆಲೂಗಡ್ಡೆ ಎಲ್ಲ ಕೆಳಗೆ ಕೂತಿರುತ್ತವೆ, ಮೇಲೆ ಹುಣಸೆ ನೀರು ಮತ್ತು ಎರಡು ಕರಿಬೇವಿನ ಎಲೆ. ಮೊದಲ ಸಾಲಿನವರು "ಅಣ್ಣಾ, ಕೆಳಗಿಂದ ಹಾಕಿ" ಅಂತ ಕೂಗುತ್ತಾರೆ. ಅಣ್ಣ ತಲೆ ಆಡಿಸುತ್ತಾನೆ, ಸೌಟನ್ನು ಬಕೆಟ್ ಒಳಗೆ ಒಂದು ಸುತ್ತು ತಿರುಗಿಸುತ್ತಾನೆ, ಮತ್ತೆ ಮೇಲಿಂದಲೇ ಹಾಕುತ್ತಾನೆ. ಕೆಳಗಿನದನ್ನೆಲ್ಲ ಮೊದಲ ಮೂವತ್ತು ಜನಕ್ಕೆ ಹಾಕಿಬಿಟ್ಟರೆ ಉಳಿದವರು ಬಕೆಟ್ ಸಮೇತ ವಾರ್ಡನ್ ರೂಮಿಗೆ ಹೋಗುತ್ತಾರೆ ಅಂತ ಅವನಿಗೆ ಗೊತ್ತು. ಹಾಗಾಗಿ ಕೊನೆಗೆ ಬರುವವನಿಗೆ ಸಾಂಬಾರ್ ಸಿಗುವುದಿಲ್ಲ, ಬರೀ ಮೂಲಂಗಿ ಸಿಗುತ್ತದೆ. ಜಾಣರು ಬಕೆಟ್ ಅರ್ಧ ಆದಾಗ ಸಾಲಿಗೆ ಬರುತ್ತಾರೆ. ಸಿರ್ಸಿ ಅಂಥವನು, ದೂರ ನಿಂತು ಸೌಟಿನ ಸದ್ದು ಕೇಳಿಯೇ ಬಕೆಟ್ ಎಷ್ಟು ಖಾಲಿ ಅಂತ ಹೇಳುತ್ತಾನೆ.

ಆಮೇಲೆ ಮಾತು ಸೋಡಾಕ್ಕೆ ಬಂತು. ಮೆಸ್ ಬಗ್ಗೆ ಮಾತಾಡಿದರೆ ಸೋಡಾ ಬಂದೇ ಬರುತ್ತದೆ. ಅನ್ನಕ್ಕೆ ಸೋಡಾ ಹಾಕುತ್ತಾರೆ, ಹೊಟ್ಟೆ ಬೇಗ ತುಂಬಲಿ ಅಂತ, ಇದು ಸೀನಿಯರ್‌ಗಳು ಮೊದಲ ದಿನವೇ ಕಿವಿಯಲ್ಲಿ ಹೇಳುವ ಗುಟ್ಟು. ಬಯೋಕೆಮಿಸ್ಟ್ರಿ ಓದುವ ಉಡುಪಿ ಗಂಭೀರವಾಗಿ, "ಕಡಲೆಕಾಳು ಬೇಗ ಮೆತ್ತಗಾಗಲಿ ಅಂತ ಹಾಕೋದು ನಿಜ, ಆದರೆ ಸೋಡಾ ಹಾಕಿ ಬೇಯಿಸಿದರೆ ಬಿ1 ವಿಟಮಿನ್ ಹಾಳಾಗುತ್ತೆ" ಅಂದ. ರಾಯಚೂರು ಅವನನ್ನೇ ಎರಡು ನಿಮಿಷ ನೋಡಿ, "ನಮ್ಮ ಕಡಲಿಕಾಳು ಮೆತ್ತಗ ಎಂದ ಆಗ್ಯಾವಪಾ?" ಅಂದ. ಸೋಡಾ ವಿಷಯ ಅಲ್ಲಿಗೆ ಮುಗಿಯಿತು.

ಭಾನುವಾರದ ಕಥೆ ಬೇರೆ. ಚಿಕನ್ ದಿನ. ನಾನ್‌ವೆಜ್‌ನವರಿಗೆ ಎರಡು ಪೀಸು, ವೆಜ್‌ನವರಿಗೆ ಗೋಬಿ ಮಂಚೂರಿ. ಗೋಬಿ ಕೆಂಪಗೆ ಬರುತ್ತಿದ್ದ ಕಾಲದಲ್ಲಿ ವಾರವಿಡೀ ಹೊರಗೆ ಮೊಟ್ಟೆ ತಿನ್ನುತ್ತಿದ್ದವರೆಲ್ಲ ಭಾನುವಾರ ಮಧ್ಯಾಹ್ನ ಸಸ್ಯಾಹಾರಿಗಳಾಗುತ್ತಿದ್ದರು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ತಂದಿತಲ್ಲ, ಅವತ್ತಿಂದ ನಮ್ಮ ಗೋಬಿ ಕಂದು ಬಣ್ಣಕ್ಕೆ ತಿರುಗಿತು. ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಮರುವಾರವೇ ಅರ್ಧ ಜನ ಮಾಂಸಾಹಾರಕ್ಕೆ ವಾಪಸ್ ಬಂದರು. ಅಷ್ಟು ವರ್ಷ ನಾವು ತಿಂದದ್ದು ಹೂಕೋಸನ್ನಲ್ಲ, ಕೆಂಪು ಬಣ್ಣವನ್ನು.

ಮೊಟ್ಟೆ ಅಂದಾಗ ರಾಯಚೂರಿಗೆ ತಮ್ಮನ ನೆನಪಾಯಿತು. 2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದ್ದು ಇವರ ಕಡೆಯ ಜಿಲ್ಲೆಗಳಲ್ಲೇ. ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು. "ನನ್ನ ತಮ್ಮ ಆರನೇತ್ತಾ ಇದ್ದಾಗ ಮೊಟ್ಟಿ ತಿಂತಿದ್ದ. ನಾ ಎಂ.ಎಸ್ಸಿ., ಕ್ಯಾಬೇಜ್ ತಿನ್ನಾಕತ್ತೀನಿ." ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಸಿರ್ಸಿ ಆಗ ಅವನ ಅಜ್ಜನ ಕಾಲದ ಕಥೆ ತೆಗೆದ. ಅಜ್ಜ ಓದಿದ್ದು ವಾರಾನ್ನ ಮಾಡಿಕೊಂಡು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. "ಮೆಸ್ ಕಮಿಟಿ ಇಲ್ಲ, ಬಿಲ್ ಇಲ್ಲ, ಏಳು ಥರದ ಸಾರು!" ಅಂತ ಉಡುಪಿ ಬಾಯಿ ಚಪ್ಪರಿಸಿದ. ಸಿರ್ಸಿ ಹೇಳಿದ, ಏಳರಲ್ಲಿ ತುಪ್ಪ ಹಾಕುತ್ತಿದ್ದದ್ದು ಒಂದೇ ಮನೆಯಲ್ಲಂತೆ, ಶನಿವಾರದ ಮನೆಯವರು ಒಪ್ಪತ್ತು ಮಾಡುತ್ತಿದ್ದರಂತೆ, ಹಾಗಾಗಿ ಅಜ್ಜನಿಗೂ ಶನಿವಾರ ರಾತ್ರಿ ಅವಲಕ್ಕಿಯೇ ಗತಿ. ಯಾರ ಮನೆಯಲ್ಲೂ ಅಜ್ಜ "ಕೆಳಗಿಂದ ಹಾಕಿ" ಅಂತ ಕೇಳುವ ಹಾಗಿರಲಿಲ್ಲ.

"ಅದು ಹಳೇ ಕಾಲ. ಈಗ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳಿಗೆ ದಿನಾ ಊಟ ಹಾಕ್ತಾರೆ, ಅದೂ ದುಡ್ಡಿಲ್ಲದೆ, ಅದೂ ಮುದ್ದೆ!" ಅಂದ ಮಂಡ್ಯ, ನನ್ನ ಕಡೆ ಬೆರಳು ತೋರಿಸಿ. "ಅಲ್ಲಿ ಆಗೋದು ಇನ್ನೂರು ಜನಕ್ಕೆ ಇಲ್ಲಿ ಯಾಕಾಗಲ್ಲ?"

ನನ್ನ ಪಾಯಿಂಟೇ ಅದು. ಅಲ್ಲಿ ಏನು ಮಾಡೋಣ ಅಂತ ಯಾರೂ ವೋಟು ಹಾಕುವುದಿಲ್ಲ. ಮಾಡಿದ್ದನ್ನು ಎಲ್ಲರೂ ಸಾಲಾಗಿ ಕೂತು ತಿನ್ನುತ್ತಾರೆ. ಎಲ್ಲರೂ ಒಟ್ಟಿಗೆ ಕೂತರೆ ಮುದ್ದೆ ಬಿಸಿಯಾಗಿಯೇ ಸಿಗುತ್ತದೆ. ಇಲ್ಲಿ ಒಬ್ಬ ಏಳೂವರೆಗೆ ಬರುತ್ತಾನೆ, ಒಬ್ಬ ಒಂಬತ್ತೂಕಾಲಿಗೆ ಬಂದು ತಣ್ಣಗಿದೆ ಅಂತ ಬೈಯುತ್ತಾನೆ.

ಬಿಲ್ ವಿಷಯಕ್ಕೆ ಬಂದರೆ ಇನ್ನೂ ಮಜಾ. ನಮ್ಮದು ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಲೆಕ್ಕಕ್ಕೆ ಭಾಗಿಸುತ್ತಾರೆ. ಉದಾಹರಣೆಗೆ 6 ಲಕ್ಷ ಖರ್ಚು, 200 ಜನ, 30 ದಿನ ಅಂದರೆ ದಿನಕ್ಕೆ 100 ರೂಪಾಯಿ. ಈಗ 50 ಜನ ಮೆಸ್ ಕಟ್ ಹಾಕಿ, ಅಂದರೆ ಇಷ್ಟು ದಿನ ನಮಗೆ ಊಟ ಬೇಡ, ಲೆಕ್ಕಕ್ಕೆ ಹಿಡಿಯಬೇಡಿ ಅಂತ ಬರೆದುಕೊಟ್ಟು, 10 ದಿನ ಊರಿಗೆ ಹೋದರು ಅಂತಿಟ್ಟುಕೊಳ್ಳಿ. ಎಲ್ಲರದೂ ಸೇರಿ 6,000 ಇದ್ದ ಊಟದ ದಿನಗಳಲ್ಲಿ 500 ಕಮ್ಮಿ ಆಯಿತು. ಆದರೆ ಅಡುಗೆಯವರ ಸಂಬಳ ಕಮ್ಮಿ ಆಗಲ್ಲ, ಕರೆಂಟ್ ಕಮ್ಮಿ ಆಗಲ್ಲ, ಅಕ್ಕಿಯನ್ನೂ ಅಂದಾಜಿನಲ್ಲಿ ಅಷ್ಟೇ ಹಾಕಿರುತ್ತಾರೆ. ಖರ್ಚು ಅಲ್ಲೇ ನಿಂತರೆ ಇಲ್ಲೇ ಇದ್ದವರಿಗೆ ದಿನಕ್ಕೆ 109 ರೂಪಾಯಿ. ಊರಿಗೆ ಹೋದವನು ಅಮ್ಮನ ಕೈಯೂಟ ಉಂಡು ಬರುತ್ತಾನೆ, ಇಲ್ಲಿದ್ದವನು ಅದೇ ಕ್ಯಾಬೇಜಿಗೆ ಒಂಬತ್ತು ರೂಪಾಯಿ ಜಾಸ್ತಿ ಕೊಡುತ್ತಾನೆ. ಇದರಿಂದ ಎಲ್ಲರೂ ಕಲಿತ ಪಾಠ ಏನೆಂದರೆ, ಸಿಟ್ಟು ಬಂದರೆ ದೂರು ಕೊಡಬಾರದು, ಬಸ್ಸು ಹತ್ತಬೇಕು.

"ಇಂದಿರಾ ಕ್ಯಾಂಟೀನ್‌ನಲ್ಲಿ ಊಟಕ್ಕೆ ಹತ್ತೇ ರೂಪಾಯಿ" ಅಂದ ಉಡುಪಿ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ಇಟ್ಟಿದ್ದರು, ನಿಜ. ಉಳಿದದ್ದನ್ನು ಸರ್ಕಾರ ಹಾಕುತ್ತದೆ ಮಾರಾಯಾ, ನಮಗೆ ಯಾರು ಹಾಕುತ್ತಾರೆ ಅಂತ ನಾನು ಕೇಳಿದೆ. "ವಾರ್ಡನ್" ಅಂದ ರಾಯಚೂರು. ಎಲ್ಲರೂ ಒಂದು ಸಲ ಹಿಂದೆ ತಿರುಗಿ ನೋಡಿದೆವು, ಯಾರೂ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ಮಂಡ್ಯ ಎದ್ದು ನಿಂತ. ಮುಂದಿನ ಸಲ ಮೆಸ್ ಸೆಕ್ರೆಟರಿ ಎಲೆಕ್ಷನ್‌ಗೆ ತಾನೇ ನಿಲ್ಲುತ್ತಾನಂತೆ. ವಾರಕ್ಕೆ ಎರಡು ಸಲ ಮುದ್ದೆ, ಒಂದು ಸಲ ರೊಟ್ಟಿ, ಒಂದು ಸಲ ಕುಚ್ಚಲಕ್ಕಿ, ಸಿರ್ಸಿಗೆ ತಂಬುಳಿ, ಎಲ್ಲರಿಗೂ ದಿನಾ ಮೊಟ್ಟೆ, ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಸೌಟು ಉದ್ದ ಮಾಡಿಸುತ್ತಾನಂತೆ, ತಳ ಮುಟ್ಟುವ ಹಾಗೆ. ಚಪ್ಪಾಳೆ ಬಿತ್ತು. ರಾಯಚೂರು ಶಿಳ್ಳೆ ಹೊಡೆದ.

"ಸರಿ, ಇದಕ್ಕೆಲ್ಲ ದಿನಕ್ಕೆ ಹತ್ತು ರೂಪಾಯಿ ಜಾಸ್ತಿ ಆಗುತ್ತೆ, ತಿಂಗಳಿಗೆ ಮುನ್ನೂರು" ಅಂದೆ ನಾನು. "ಯಾರು ಯಾರು ಕೊಡ್ತೀರಾ, ಕೈ ಎತ್ತಿ."

ಶಿಳ್ಳೆ ನಿಂತಿತು. ಮುನ್ನೂರು ಕೊಡುವುದಾದರೆ ಹೊರಗೆ ಹೋಗಿ ಮಸಾಲೆ ದೋಸೆಯನ್ನೇ ತಿಂತೀನಲ್ಲ ಅಂದ ಉಡುಪಿ. ರಾಯಚೂರಿಗೆ ಊರಿಂದ ಶೇಂಗಾ ಚಟ್ನಿಪುಡಿ ಬರುತ್ತದೆ, ಅದಿದ್ದರೆ ಅನ್ನವೂ ನಡೆಯುತ್ತದಂತೆ. ಮಂಡ್ಯ, ಅಭ್ಯರ್ಥಿ ಆದವನು ಮೊದಲೇ ಕೈ ಎತ್ತಿದರೆ ತಪ್ಪಾಗುತ್ತೆ ಅಂದ.

ಕೈ ಎತ್ತಿದ್ದು ಸಿರ್ಸಿ ಒಬ್ಬನೇ. ನಮಗೆಲ್ಲ ಸ್ವಲ್ಪ ನಾಚಿಕೆಯೂ ಆಯಿತು. ಮಾರನೇ ದಿನ ನೋಟಿಸ್ ಬೋರ್ಡ್ ನೋಡಿದರೆ ಮೆಸ್ ಕಟ್ ಪಟ್ಟಿಯಲ್ಲಿ ಮೊದಲನೇ ಹೆಸರೇ ಅವನದು, ತಿಂಗಳಿಡೀ ಪ್ರಾಜೆಕ್ಟ್ ಅಂತ ಊರಿಗೆ ಹೋಗುತ್ತಿದ್ದಾನೆ.